ಸೊಲ್ಲಾಪುರದ ಡಾಕ್ಟರ್ ಕೋಟ್ನೀಸ್: ಗೋಡೆಯ ಮೇಲಿನ ಚಿತ್ರದ ಕಥೆ



ಈ ವರ್ಷ ನಮ್ಮ ಸಮಾಜ ಮಂದಿರದ ವಾಚನಾಲಯಕ್ಕೆ ನೀವು ಬಂದಿದ್ದರೆ ಒಂದು ಹೊಸ ಚಿತ್ರ ನೋಡಿರ್ತೀರಿ. ಬಾಬಾಸಾಹೇಬ, ಜೋತಿಬಾ, ಸಾವಿತ್ರಿಮಾಯಿ, ಶಾಹೂ ಮಹಾರಾಜರ ಫೋಟೋಗಳ ಎದುರಿನ ಗೋಡೆಗೆ ಅದನ್ನು ಹಾಕೈತಿ. ಕಪ್ಪು-ಬಿಳುಪು ಚಿತ್ರ, ತಗಡಿನ ಮೇಲೆ ಅಚ್ಚಾದದ್ದು. ಒಂದು ಹಳೇ ಗುಡಿ. ಮೇಜಿನ ಮೇಲೆ ಗಾಯಗೊಂಡ ಸೈನಿಕ. ಅವನ ಮೇಲೆ ಬಾಗಿ ನಿಂತು ಆಪರೇಶನ್ ಮಾಡುತ್ತಿರುವ ನರೆತ ಕೂದಲಿನ ಡಾಕ್ಟರು, ಸುತ್ತ ಸಹಾಯಕರು.

ಇದು 1939ರ ಅಕ್ಟೋಬರ್ ತಿಂಗಳಲ್ಲಿ ಉತ್ತರ ಚೀನಾದ ಒಂದು ಹಳ್ಳಿಯಲ್ಲಿ ತೆಗೆದ ಫೋಟೋ. ತೆಗೆದವರು ಚೀನಾದ ಹೆಸರಾಂತ ಛಾಯಾಚಿತ್ರಗಾರ ವೂ ಇನ್‌ಶಿಯಾನ್. ಡಾಕ್ಟರರ ಹೆಸರು ನಾರ್ಮನ್ ಬೆಥೂನ್, ಕೆನಡಾ ದೇಶದವರು. ಇಂಥ ಚಿತ್ರ ಅಚ್ಚು ಹಾಕೋದು ಹೇಗೆ ಅಂತ ಹುಡುಗರು ಕೇಳ್ತಾರ. ಅಲ್ಯೂಮಿನಿಯಂ ತಗಡಿಗೆ ಮೊದಲು ಬಿಳಿ ಲೇಪ ಕೊಡ್ತಾರ. ವಿಶೇಷ ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಅದರ ಮೇಲೆ ಇಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರ. ಬಣ್ಣ ಹಬೆಯಾಗಿ ಲೇಪದ ಒಳಗೇ ಇಳಿದು ಕೂಡುತ್ತದ. ನಮ್ಮ ಕಡೆ ಮಳೆಗಾಲ ಎಂಥದ್ದು ನಿಮಗೆ ಗೊತ್ತೇ ಐತಿ. ಕಾಗದದ ಫೋಟೋಕ್ಕ ಎರಡು ವರ್ಷದಾಗ ಬೂಸ್ಟು ಹಿಡಿಯುತ್ತದ. ತಗಡಿನದಾದರೆ ಒದ್ದೆ ಅರಿವೆಯಿಂದ ಒರೆಸಿದರ ಆಯ್ತು.

ಚಿತ್ರ ಬಂದ ಮೇಲೆ ಹಿರಿಯರು ಎರಡು ಪ್ರಶ್ನೆ ಕೇಳಿದರು. ಇವರು ಯಾರು? ನಮ್ಮ ಗೋಡೆಯ ಮೇಲೆ ಯಾಕ? ಎರಡೂ ನ್ಯಾಯವಾದ ಪ್ರಶ್ನೆಗಳು. ಆದರೆ ಉತ್ತರ ಸಿಗೋದು ಚಿತ್ರದಲ್ಲಿ ಇರುವವರ ಕಥೆಯಿಂದ ಅಲ್ಲ, ಅದರಲ್ಲಿ ಇಲ್ಲದ ಒಬ್ಬರ ಕಥೆಯಿಂದ. ಬೆಥೂನರು ತೀರಿಹೋದ ಮೇಲೆ ಅವರ ಕೆಲಸಕ್ಕೆ ಬಂದು ನಿಂತವರು ನಮ್ಮ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಶಾಂತಾರಾಮ ಕೋಟ್ನೀಸ್. ಆ ಕಥೆ ನಿಮ್ಮ ಮುಂದೆ ಇಡ್ತೀನಿ.

ದ್ವಾರಕಾನಾಥರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಇಬ್ಬರು ಸಹೋದರರು, ಐವರು ಅಕ್ಕತಂಗಿಯರು ಇದ್ದ ದೊಡ್ಡ ಮಧ್ಯಮ ವರ್ಗದ ಕುಟುಂಬ. ಸೊಲ್ಲಾಪುರ ಎಂಥ ಊರು ಅಂತ ಇಚಲಕರಂಜಿಯವರಿಗೆ ಹೇಳಬೇಕಾಗಿಲ್ಲ. ನಿಮ್ಮ ಊರಿನಂಗೇ ಮಗ್ಗದ ಊರು, ಗಿರಣಿಯ ಊರು. ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳುವ ಊರು. 1930ರ ಮೇ ತಿಂಗಳಲ್ಲಿ ಅಲ್ಲಿಯ ಜನ ಬ್ರಿಟಿಷರ ವಿರುದ್ಧ ಎದ್ದು ನಿಂತರು. ಸರಕಾರ ಊರಿಗೆ ಮಾರ್ಶಲ್ ಲಾ ಹಾಕಿತು. ಮುಂದಿನ ವರ್ಷ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಗಲ್ಲಿಗೆ ಹಾಕಿದರು. ಆಗ ದ್ವಾರಕಾನಾಥರಿಗೆ ಇಪ್ಪತ್ತು ವರ್ಷ.

ಅವರು ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಕಲಿತು ಡಾಕ್ಟರಾದರು. ಇನ್ನೂ ಹೆಚ್ಚಿನದನ್ನು ಓದಬೇಕು ಅಂತ ತಯಾರಿ ನಡೆದಿತ್ತು. ಮನೆಯವರಿಗೆ ಒಬ್ಬ ಡಾಕ್ಟರ್ ಮಗ, ಮುಂದೆ ದವಾಖಾನೆ, ಹೆಸರು, ನಾಲ್ಕು ಕಾಸು. ದಾರಿ ನೆಟ್ಟಗೆ ಕಾಣುತ್ತಿತ್ತು.

ಅಷ್ಟರಲ್ಲಿ ಚೀನಾದ ಯುದ್ಧ ಬಂತು. 1937ರ ಜುಲೈನಲ್ಲಿ ಜಪಾನಿನ ಸೈನ್ಯ ಚೀನಾದ ಮೇಲೆ ದೊಡ್ಡ ದಾಳಿ ಸುರು ಮಾಡಿತು. ಊರಿಗೆ ಊರೇ ಸುಟ್ಟುಹೋದವು. ಗಾಯಾಳುಗಳು ಲಕ್ಷಗಟ್ಟಲೆ, ಡಾಕ್ಟರರು ಬೆರಳೆಣಿಕೆ. ಚೀನಾದ ಸೇನಾಪತಿ ಝು ದೆ ಅವರು ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ಸಹಾಯ ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆ ಕೊಟ್ಟರು. ಜನರಿಂದ 22,000 ರೂಪಾಯಿ ಕೂಡಿಸಿದರು. ಆಂಬ್ಯುಲೆನ್ಸ್, ಔಷಧ, ಸಲಕರಣೆಗಳ ಜೊತೆ ಐದು ಮಂದಿ ಡಾಕ್ಟರರ ತಂಡ ಹೊರಡೋದು ಅಂತ ಆಯ್ತು. ಅಲಾಹಾಬಾದಿನ ಅಟಲ್ ತಂಡದ ಮುಖ್ಯಸ್ಥರು. ನಾಗಪುರದ ಚೋಳ್ಕರ್, ಕಲಕತ್ತಾದ ಬಸು ಮತ್ತು ಮುಖರ್ಜಿ, ಐದನೆಯವರು ಸೊಲ್ಲಾಪುರದ ಕೋಟ್ನೀಸ್.

ಇಲ್ಲಿ ಒಂದು ಮಾತು ಗಮನಿಸ್ರಿ. ಆಗ ನಮ್ಮ ದೇಶವೇ ಗುಲಾಮಗಿರಿಯಲ್ಲಿ ಇತ್ತು. ಸ್ವತಃ ಕಟ್ಟಿಹಾಕಿಸಿಕೊಂಡವರು ಇನ್ನೊಬ್ಬರ ಕಟ್ಟು ಬಿಚ್ಚಲಿಕ್ಕೆ ಹೊರಟರು. ನಮ್ಮದೇ ನಮಗೆ ಸಾಕಷ್ಟು ಐತಿ, ಮಂದೀ ಉಸಾಬರಿ ಯಾಕ ಅಂತ ಅವರು ಕೂತಿದ್ದರೆ ಈ ಕಥೆಯೇ ಇರ್ತಿರಲಿಲ್ಲ.

1938ರ ಸೆಪ್ಟೆಂಬರ್ 1ರಂದು ರಾಜಪುತಾನಾ ಎಂಬ ಹಡಗು ಅವರನ್ನು ಹೊತ್ತು ಮುಂಬಯಿ ಬಿಟ್ಟಿತು. ಕ್ಯಾಂಟನ್ ಬಂದರಿನಲ್ಲಿ ಇಳಿದು ಒಳನಾಡಿಗೆ ಹೋದರು. ಜಪಾನಿ ಸೈನ್ಯ ಮುಂದೆ ಮುಂದೆ ಬರುತ್ತಿತ್ತು, ಇವರು ಊರಿಂದ ಊರಿಗೆ ಗಾಯಾಳುಗಳ ಸೇವೆ ಮಾಡುತ್ತ ಸರಿಯುತ್ತಿದ್ದರು. ಚೋಂಗ್‌ಚಿಂಗ್ ಪಟ್ಟಣದಲ್ಲಿ ಇದ್ದಾಗ ಊರಿನಿಂದ ಸುದ್ದಿ ಬಂತು: ತಂದೆ ತೀರಿಕೊಂಡರು. ಇಂಥ ಹೊತ್ತಿನಲ್ಲಿ ಮಗ ತಿರುಗಿ ಮನೆಗೆ ಹೋಗ್ತಾನ, ಹೋದರ ಯಾರೂ ತಪ್ಪು ಅನ್ನೋದಿಲ್ಲ. ಕೋಟ್ನೀಸರು ಹೋಗಲಿಲ್ಲ. ತಂಡದ ಜೊತೆಗೇ ಮುಂದೆ ನಡೆದು 1939ರ ಫೆಬ್ರುವರಿಯಲ್ಲಿ ಯೆನಾನ್ ತಲುಪಿದರು. ಅಲ್ಲಿ ಗುಡ್ಡ ಕೊರೆದು ಮಾಡಿದ ಗವಿಗಳೇ ಮನೆ, ಗವಿಗಳೇ ದವಾಖಾನೆ. ಚೀನೀ ಜನ ಅವರಿಗೆ ಕೆ ದಿಹುವಾ ಅಂತ ಹೆಸರು ಕೊಟ್ಟರು. ಹುವಾ ಅಂದರೆ ಚೀನಾ.

ಈಗ ಚಿತ್ರದ ಹತ್ತಿರ ಬರ್ರಿ. ಆ ಹೊತ್ತಿಗೆ ಯೆನಾನಿನಿಂದ ಪೂರ್ವಕ್ಕೆ, ಶತ್ರುವಿನ ಸಾಲುಗಳ ಹಿಂದಿನ ಗುಡ್ಡಗಾಡಿನಲ್ಲಿ ಬೆಥೂನರು ಕೆಲಸ ಮಾಡುತ್ತಿದ್ದರು. ಅವರು ಎದೆಯ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರು. ಸ್ವತಃ ಕ್ಷಯರೋಗದಿಂದ ಬಳಲಿ ಬದುಕಿ ಬಂದವರು. ಕ್ಷಯ ಒಂದೇ ರೋಗವಾದರೂ ಶ್ರೀಮಂತ ಬದುಕುತ್ತಾನೆ, ಬಡವ ಸಾಯುತ್ತಾನೆ ಅನ್ನೋದನ್ನು ಕಣ್ಣಾರೆ ಕಂಡು, ಚಿಕಿತ್ಸೆ ಎಲ್ಲರಿಗೂ ಸರಕಾರವೇ ಕೊಡಬೇಕು ಅಂತ ಕೆನಡಾದಲ್ಲಿ ಹೋರಾಡಿದವರು. ಅರಳೆಯ ಧೂಳಿನಲ್ಲಿ ದುಡಿದು ಎದೆ ಸೋತವರನ್ನು ಮನೆಯಲ್ಲಿ ಕಂಡ ನಮ್ಮವರಿಗೆ ಈ ಮಾತಿನ ತೂಕ ಗೊತ್ತು. 1936-37ರಲ್ಲಿ ಸ್ಪೇನ್ ದೇಶದ ಯುದ್ಧದಲ್ಲಿ ಬೆಥೂನರು ಬಾಟಲಿಯಲ್ಲಿ ರಕ್ತ ತುಂಬಿ ಗಾಡಿಯಲ್ಲಿ ರಣರಂಗಕ್ಕೇ ಒಯ್ದು ಗಾಯಾಳುಗಳಿಗೆ ಏರಿಸಿದರು. ಚೀನಾದ ಹಳ್ಳಿಗಳಲ್ಲಿ ಜನರಿಗೆ ರಕ್ತ ಕೊಡೋದು ಅಂದರೆ ಅಂಜಿಕೆ. ಮೊದಲು ತಮ್ಮ ತೋಳು ಚಾಚಿ ತಮ್ಮ ರಕ್ತವನ್ನೇ ಕೊಟ್ಟು ಆ ಅಂಜಿಕೆ ಬಿಡಿಸಿದರು.

ಚಿತ್ರ ತೆಗೆದ ಅದೇ ದಿನಗಳಲ್ಲಿ, ಜಪಾನಿ ಸೈನ್ಯ ಹತ್ತಿರ ಬರುತ್ತಿದ್ದಾಗ ಅವಸರದ ಆಪರೇಶನ್ನಿನಲ್ಲಿ ಅವರ ಬೆರಳು ಕೊಯ್ದುಕೊಂಡಿತು. ಕೈಗವಸು ಇರಲಿಲ್ಲ. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಗಾಯದಿಂದ ನಂಜು ರಕ್ತಕ್ಕೆ ಏರಿತು. 1939ರ ನವೆಂಬರ್ 12ರಂದು, 49ನೇ ವಯಸ್ಸಿನಲ್ಲಿ ಬೆಥೂನರು ತೀರಿಕೊಂಡರು. ಅಂದರೆ ನೀವು ಗೋಡೆಯ ಮೇಲೆ ನೋಡುವ ಮನುಷ್ಯ, ಆ ಫೋಟೋ ತೆಗೆದ ಕೆಲವೇ ವಾರಗಳಲ್ಲಿ ಇರಲಿಲ್ಲ. ಆ ಮೇಜಿನ ಹತ್ತಿರದ ಜಾಗ ಖಾಲಿ ಆಯ್ತು.

ಆ ಜಾಗಕ್ಕೆ ಬಂದವರೇ ಕೋಟ್ನೀಸ್. ನಮ್ಮ ತಂಡದ ಕೆಲವರು ಆರೋಗ್ಯ ಕೆಟ್ಟು ಆಗಲೇ ಊರಿಗೆ ತಿರುಗಿದ್ದರು. ಕೋಟ್ನೀಸ್ ಮತ್ತು ಬಸು ಗುಡ್ಡ ಹತ್ತಿ, ನದಿ ದಾಟಿ, ಶತ್ರುವಿನ ಕಣ್ಣು ತಪ್ಪಿಸಿ 1940ರಲ್ಲಿ ಆ ಗಡಿನಾಡಿಗೆ ಬಂದರು. ಆ ವರ್ಷದ ಆಗಸ್ಟಿನಲ್ಲಿ ಚೀನೀ ಸೈನ್ಯ ದೊಡ್ಡ ಕದನ ಸುರು ಮಾಡಿತು. ಗಾಯಾಳುಗಳನ್ನು ಹೊತ್ತು ತರೋದು ನಿಲ್ಲಲೇ ಇಲ್ಲ. ಆ ಕದನದಲ್ಲಿ ಕೋಟ್ನೀಸರು 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿದರು. ಒಮ್ಮೆ 72 ತಾಸು ನಿದ್ದೆ ಇಲ್ಲದೆ ಆಪರೇಶನ್ ಮಾಡಿದರು. ಮೂರು ಹಗಲು, ಮೂರು ರಾತ್ರಿ. ನಿಮ್ಮಲ್ಲಿ ಯಾರಾದರೂ ಎರಡು ಪಾಳಿ ಒಂದೇ ಸಮನೆ ಮಗ್ಗದ ಮುಂದೆ ನಿಂತವರು ಇದ್ದರೆ, ಮೂರನೇ ದಿನ ಕೈ ಹೇಗೆ ನಡುಗುತ್ತದ ಅಂತ ಊಹಿಸಿಕೊಳ್ರಿ. ಆ ಕೈಯಾಗ ಕತ್ತರಿ, ಕೆಳಗೆ ಒಬ್ಬರ ಜೀವ.

1941ರ ಜನವರಿಯಲ್ಲಿ ಅವರನ್ನು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮೊದಲ ನಿರ್ದೇಶಕರನ್ನಾಗಿ ಮಾಡಿದರು. ಕೆಲಸ ಮಾಡಿದ್ದಷ್ಟೇ ಅಲ್ಲ, ಕಲಿಸಿದರು. ಚೀನೀ ಭಾಷೆ ಕಲಿತು ಅದರಲ್ಲೇ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆದರು, ಇನ್ನೊಂದು ಬರೆಯುತ್ತಿದ್ದರು. ರೈತರ ಹುಡುಗ-ಹುಡುಗಿಯರು ಅವರ ಕೈಕೆಳಗೆ ಡಾಕ್ಟರ್, ನರ್ಸ್ ಆದರು. ಸೈನಿಕರು ಮತ್ತು ಹಳ್ಳಿಯ ಜನ ಅವರನ್ನು ಕರಿ ತಾಯಿ ಅಂತ ಕರೆಯುತ್ತಿದ್ದರಂತೆ. ನಮ್ಮ ದೇಶದಲ್ಲಿ ಕರಿಬಣ್ಣ ಅಂದರೆ ಬೈಗುಳ. ಅಲ್ಲಿ ಅದೇ ಬಣ್ಣಕ್ಕೆ ತಾಯಿ ಅನ್ನೋ ಶಬ್ದ ಕೂಡಿಕೊಂಡಿತು.

ಬೆಥೂನರ ಸಮಾಧಿಯ ಅನಾವರಣದ ಸಮಾರಂಭದಲ್ಲಿ ಅವರಿಗೆ ಗುವೊ ಚಿಂಗ್‌ಲಾನ್ ಎಂಬ ನರ್ಸಿಂಗ್ ಶಿಕ್ಷಕಿಯ ಪರಿಚಯ ಆಯ್ತು. 1941ರ ಕೊನೆಗೆ ಇಬ್ಬರೂ ಮದುವೆಯಾದರು. ಜಾತಿ ಕೇಳಲಿಲ್ಲ, ಕುಲ ಕೇಳಲಿಲ್ಲ, ದೇಶವೂ ಅಡ್ಡ ಬರಲಿಲ್ಲ. 1942ರ ಆಗಸ್ಟಿನಲ್ಲಿ ಮಗ ಹುಟ್ಟಿದ. ಇನ್‌ಹುವಾ ಅಂತ ಹೆಸರಿಟ್ಟರು. ಇನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

ಆದರೆ ದೇಹ ಸೋತಿತ್ತು. ಹಸಿವೆ, ಚಳಿ, ನಿದ್ದೆಗೇಡು. ಮೂರ್ಛೆರೋಗ ಸುರುವಾಗಿತ್ತು. ವಿಶ್ರಾಂತಿಗೆ ಬೇರೆ ಕಡೆ ಹೋಗ್ರಿ ಅಂತ ಎಷ್ಟು ಹೇಳಿದರೂ ಕೋಟ್ನೀಸರು ಕೆಲಸ ಬಿಡಲಿಲ್ಲ. 1942ರ ಡಿಸೆಂಬರ್ 9ರಂದು ಮೇಲಿಂದ ಮೇಲೆ ಮೂರ್ಛೆ ಬಂದು ಜೀವ ಹೋಯಿತು. ವಯಸ್ಸು 32. ಮಗನಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಐದು ಮಂದಿಯಲ್ಲಿ ನಾಲ್ವರು ಊರಿಗೆ ಬಂದರು, ಒಬ್ಬರು ಬರಲಿಲ್ಲ.

ಮುಂದಿನ ಕಥೆಯಲ್ಲಿ ನಮ್ಮ ಕೊಲ್ಹಾಪುರವೂ ಬರುತ್ತದ. ಕೊಲ್ಹಾಪುರದಲ್ಲಿ ಹುಟ್ಟಿ, ಬಾಬುರಾವ್ ಪೇಂಟರರ ಕಂಪನಿಯಲ್ಲಿ ಕಸುಬು ಕಲಿತು, 1929ರಲ್ಲಿ ಇದೇ ಊರಿನಲ್ಲಿ ಗೆಳೆಯರ ಜೊತೆ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದ ವ್ಹಿ. ಶಾಂತಾರಾಮರು, ಖ್ವಾಜಾ ಅಹಮದ್ ಅಬ್ಬಾಸರ ಪುಸ್ತಕದ ಆಧಾರದ ಮೇಲೆ 1946ರಲ್ಲಿ ‘ಡಾಕ್ಟರ್ ಕೋಟ್ನೀಸ್ ಕೀ ಅಮರ್ ಕಹಾನಿ’ ಸಿನಿಮಾ ಮಾಡಿದರು. ಕೋಟ್ನೀಸರ ಪಾತ್ರ ಸ್ವತಃ ಶಾಂತಾರಾಮರದ್ದು, ಹೆಂಡತಿಯ ಪಾತ್ರ ಜಯಶ್ರೀಯವರದ್ದು. ನಮ್ಮ ಅಜ್ಜ-ಅಜ್ಜಿಯರ ಕಾಲದವರಿಗೆ ಕೋಟ್ನೀಸ್ ಅಂದರೆ ಆ ಸಿನಿಮಾನೇ. ಸಿನಿಮಾ ಅಂದ ಮೇಲೆ ಕಥೆಗೆ ಬೇಕಾದ್ದನ್ನು ಸೇರಿಸಿರ್ತಾರ, ಆದರೆ ಸೊಲ್ಲಾಪುರದ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಅದೇ. ಮಗ ಇನ್‌ಹುವಾ ಕೂಡ ವೈದ್ಯಕೀಯ ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡ. ತಾಯಿ ಗುವೊ ಚಿಂಗ್‌ಲಾನ್ 2012ರವರೆಗೆ ಬದುಕಿದ್ದರು, ಗಂಡನ ಊರನ್ನು ನೋಡಲಿಕ್ಕೆ ಭಾರತಕ್ಕೂ ಬಂದರು. 1993ರಲ್ಲಿ ಭಾರತ ಸರಕಾರ ಕೋಟ್ನೀಸರ ಅಂಚೆಚೀಟಿ ತಂದಿತು. ಸೊಲ್ಲಾಪುರದ ಅವರ ಮನೆ ಈಗ ಸ್ಮಾರಕ. ಚೀನಾದ ಶಿಜಿಯಾಜುವಾಂಗ್ ಪಟ್ಟಣದ ಹುತಾತ್ಮರ ಸ್ಮಶಾನದಲ್ಲಿ ಬೆಥೂನ್ ಮತ್ತು ಕೋಟ್ನೀಸ್ ಇಬ್ಬರ ಸಮಾಧಿಗಳೂ ಅದಾವ.

ಈಗ ಎರಡನೇ ಪ್ರಶ್ನೆ: ನಮ್ಮ ಗೋಡೆಯ ಮೇಲೆ ಯಾಕ?

ಕೆಲವರು ಅಂದರು, ಚೀನಾ ನಮ್ಮ ಗಡಿಯಲ್ಲಿ ಜಗಳ ತೆಗೆದ ದೇಶ. ಹೌದು, 1962ರ ಯುದ್ಧ ಯಾರೂ ಮರೆತಿಲ್ಲ. ಆದರೆ ಕೋಟ್ನೀಸರು ಹೋದದ್ದು ಯಾವ ಸರಕಾರದ ದರ್ಬಾರಿಗೂ ಅಲ್ಲ, ಬಾಂಬು ಬಿದ್ದ ಹಳ್ಳಿಯ ರೈತನ ಹತ್ತಿರ. ಇನ್ನು ಕೆಲವರು ಅಂದರು, ಅವರು ನಮ್ಮ ಕೇರಿಯವರಲ್ಲ. ಅದೂ ಖರೆ. 1938ರಲ್ಲಿ ನಮ್ಮ ಕೇರಿಯ ಹುಡುಗನಿಗೆ ವೈದ್ಯಕೀಯ ಕಾಲೇಜಿನ ಬಾಗಿಲು ಎಷ್ಟು ದೂರ ಇತ್ತು ಅನ್ನೋದನ್ನು ಮುಚ್ಚಿಡಬೇಕಾಗಿಲ್ಲ. ಆ ಮೇಜಿನ ಸುತ್ತ ನಾವು ಯಾಕೆ ಇರಲಿಲ್ಲ ಅಂತ ಕೇಳಲಿಕ್ಕೂ ಆ ಚಿತ್ರ ಅಲ್ಲಿ ಇರಬೇಕು.

ಬಾಬಾಸಾಹೇಬರು ಬರೆದಿಟ್ಟ ಒಂದು ಘಟನೆ ನಿಮಗೆ ನೆನಪು ಮಾಡ್ತೀನಿ. 1929ರ ಸುಮಾರಿಗೆ ಕಾಠಿಯಾವಾಡದಲ್ಲಿ ಅಸ್ಪೃಶ್ಯ ಶಾಲಾಮಾಸ್ತರರೊಬ್ಬರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಳು. ಡಾಕ್ಟರ್ ಕೇರಿಯ ಒಳಗೆ ಬರಲಿಲ್ಲ. ಬಾಣಂತಿಯನ್ನು ಕೂಸಿನ ಸಮೇತ ಕೇರಿಯ ಹೊರಗೆ ತಂದು ಇಡಬೇಕಾಯಿತು. ಡಾಕ್ಟರ್ ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಮಾಸ್ತರರಿಗೆ ಕೊಟ್ಟರು, ಮಾಸ್ತರರು ಹೆಂಡತಿಗೆ ಇಟ್ಟರು. ತಿರುಗಿ ಅದೇ ದಾರಿಯಲ್ಲಿ ವಾಪಸು. ನಾಡಿ ಮುಟ್ಟಲಿಲ್ಲ, ಎದೆ ನೋಡಲಿಲ್ಲ. ನ್ಯುಮೋನಿಯಾ ಅಂತ ಹೇಳಿ ಹೋದ, ಮತ್ತೆ ಕರೆದಾಗ ಬರಲಿಲ್ಲ. ಆ ತಾಯಿ ಸತ್ತಳು. ಅವನೂ ಕಲಿತ ಡಾಕ್ಟರನೇ. ಔಷಧ ಇತ್ತು, ಜ್ಞಾನ ಇತ್ತು. ಮುಟ್ಟುವ ಮನಸ್ಸು ಇರಲಿಲ್ಲ.

ನಮ್ಮ ಕಡೆ ಇದನ್ನು ಮುರಿಯಲಿಕ್ಕೆ ರಾಜಾಜ್ಞೆಯೇ ಬೇಕಾಯಿತು. 1919ರಲ್ಲಿ ಶಾಹೂ ಮಹಾರಾಜರು, ಕೊಲ್ಹಾಪುರ ಸಂಸ್ಥಾನದ ದವಾಖಾನೆಗಳಲ್ಲಿ ಅಸ್ಪೃಶ್ಯ ರೋಗಿಗಳನ್ನು ಎಲ್ಲರಂಗ ನೋಡಬೇಕು, ಮನಸ್ಸಿಲ್ಲದವರು ನೌಕರಿ ಬಿಡಬಹುದು ಅಂತ ಹುಕುಂ ಹೊರಡಿಸಿದರು. ಮರುವರ್ಷ ಇಚಲಕರಂಜಿಯ ಹತ್ತಿರದ ಮಾಣಗಾವಿನ ಪರಿಷತ್ತಿನಲ್ಲಿ ಅದೇ ಮಹಾರಾಜರು ಬಾಬಾಸಾಹೇಬರನ್ನು ಜನರಿಗೆ ತೋರಿಸಿ, ಇವರೇ ನಿಮ್ಮ ಮುಂದಾಳು ಅಂತ ಹೇಳಿದ್ದು ನಿಮಗೆ ಗೊತ್ತೇ ಐತಿ.

ಇದು ನಮ್ಮ ದೇಶದ ರೋಗ ಮಾತ್ರ ಅಂತಲೂ ತಿಳೀಬ್ಯಾಡ್ರಿ. ಕೋಟ್ನೀಸರು ತೀರಿಕೊಂಡ ಅದೇ 1942ರಲ್ಲಿ ಅಮೆರಿಕದ ರೆಡ್ ಕ್ರಾಸ್ ಕರಿಯರ ರಕ್ತವನ್ನು ಬೇರೆ, ಬಿಳಿಯರ ರಕ್ತವನ್ನು ಬೇರೆ ಇಡುತ್ತಿತ್ತು. ರಕ್ತವನ್ನು ಕಾಯ್ದಿಡುವ ವಿಧಾನದಲ್ಲಿ ದೊಡ್ಡ ಕೆಲಸ ಮಾಡಿದ ಚಾರ್ಲ್ಸ್ ಡ್ರೂ ಎಂಬ ಡಾಕ್ಟರು ಸ್ವತಃ ಕರಿಯರು. ಇದಕ್ಕೆ ವಿಜ್ಞಾನದ ಆಧಾರ ಇಲ್ಲ ಅಂತ ಅವರು ಬಹಿರಂಗವಾಗಿ ವಿರೋಧಿಸಿದರು. ಆ ಪದ್ಧತಿ ನಿಂತದ್ದು 1950ರಲ್ಲಿ. ರಕ್ತದಲ್ಲಿ ಎ, ಬಿ, ಎಬಿ, ಓ ಅಂತ ಗುಂಪು ಅದಾವ, ಅದನ್ನು 1901ರಲ್ಲೇ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಕಂಡುಹಿಡಿಯಲು ಸುರು ಮಾಡಿದರು. ಜಾತಿಯ ಗುಂಪು ಅದರಲ್ಲಿ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಆ ಚಿತ್ರವನ್ನು ಈ ಕಣ್ಣಿನಿಂದ ನೋಡ್ರಿ. ಗುಡಿ ಐತಿ. ನಮ್ಮ ಹಿರಿಯರನ್ನು ಹೊರಗೆ ನಿಲ್ಲಿಸಿದಂಥ ಗುಡಿಗಳ ಜಾತಿಯದ್ದೇ ಒಂದು ಕಟ್ಟಡ. ಅಲ್ಲಿ ಪೂಜೆ ಇಲ್ಲ, ಮಡಿ ಇಲ್ಲ. ರಕ್ತ, ಕೀವು, ಮಣ್ಣು ಮೆತ್ತಿದ ಒಬ್ಬ ಬಡ ರೈತನ ಮಗನನ್ನು ಬೇರೆ ದೇಶದವರೊಬ್ಬರು ಬರಿಗೈಯಿಂದ ಮುಟ್ಟುತ್ತಿದ್ದಾರೆ. ಹಂಗ ಮುಟ್ಟಿದ್ದರಿಂದಲೇ ಅವರ ಜೀವ ಹೋಯಿತು. ಅದು ಗೊತ್ತಿದ್ದೂ ಸೊಲ್ಲಾಪುರದ ಒಬ್ಬ ಹುಡುಗ ಅದೇ ಜಾಗಕ್ಕೆ ಬಂದು ನಿಂತ. ಕಾಠಿಯಾವಾಡದ ಡಾಕ್ಟರ್ ಮತ್ತು ಕೋಟ್ನೀಸ್ ಒಂದೇ ಕಾಲದವರು, ಒಂದೇ ದೇಶದವರು, ಒಂದೇ ವಿದ್ಯೆ ಕಲಿತವರು. ಕಲಿತ ವಿದ್ಯೆ ಯಾರ ಕಡೆ ನಿಲ್ಲುತ್ತದ ಅನ್ನೋದೇ ನಡುವಿನ ಫರಕು. ಬಾಬಾಸಾಹೇಬರು ನಮಗೆ ಕಲಿಯಿರಿ ಅಂದದ್ದು ಬರೀ ನೌಕರಿಗೆ ಅಲ್ಲ.

ಈಗ ನಮ್ಮ ಕೇರಿಗಳಲ್ಲಿ ಡಾಕ್ಟರ್ ಓದುವವರು ಅದಾರ, ನರ್ಸಿಂಗ್ ಕಲಿತ ಅಕ್ಕಂದಿರು ಅದಾರ, ಲ್ಯಾಬಿನಲ್ಲಿ, ಆಂಬ್ಯುಲೆನ್ಸಿನಲ್ಲಿ ದುಡಿಯುವ ತಮ್ಮಂದಿರು ಅದಾರ. ದವಾಖಾನೆಯ ನೆಲ ಒರೆಸುವವರು ಮಾತ್ರ ನಮ್ಮವರು ಅನ್ನೋ ಕಾಲ ನಿಧಾನಕ್ಕೆ ಹಿಂದೆ ಸರೀತೈತಿ. ಹನ್ನೆರಡನೇ ಇಯತ್ತೆಯಲ್ಲಿ ವಿಜ್ಞಾನ ತಗೊಂಡ ಹುಡುಗ-ಹುಡುಗಿಯರೇ, ಫೀ, ಪರೀಕ್ಷೆ, ಅರ್ಜಿ, ಜಾತಿ ಪ್ರಮಾಣಪತ್ರ ಯಾವುದಕ್ಕೆ ಅಡಚಣೆ ಬಂದರೂ ಸಂಘದ ಕಾರ್ಯಕರ್ತರನ್ನು ಕೇಳ್ರಿ. ನಾಚಬ್ಯಾಡ್ರಿ.

ಓದುವ ವಯಸ್ಸು ದಾಟಿದವರಿಗೂ ಕೆಲಸ ಐತಿ. ವಾರ್ಷಿಕೋತ್ಸವದ ದಿನ ರಕ್ತದಾನ ಶಿಬಿರ ಇಟ್ಟೇವಿ. ವಯಸ್ಸು 18ರಿಂದ 65ರೊಳಗೆ, ತೂಕ 45 ಕಿಲೋಕ್ಕೆ ಕಡಿಮೆ ಇರಬಾರದು, ಮೈಯಲ್ಲಿ ರಕ್ತದ ಪ್ರಮಾಣ ಸರಿ ಇರಬೇಕು. ಅದನ್ನು ಅಲ್ಲೇ ತಪಾಸಣೆ ಮಾಡ್ತಾರ. 350 ಮಿಲಿಲೀಟರ್ ಅಂದರೆ ಸಣ್ಣ ತಂಬಿಗೆಯಷ್ಟೂ ಅಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಯಾವ ಊರಿನ ಬಾಣಂತಿಗೆ, ಯಾವ ಓಣಿಯ ಅಪಘಾತದವನಿಗೆ ಅದು ಏರುತ್ತದೋ ಗೊತ್ತಾಗೋದಿಲ್ಲ. ಏರಿಸಿಕೊಂಡವರಿಗೂ ನಿಮ್ಮ ಹೆಸರು, ನಿಮ್ಮ ಕೇರಿ ಗೊತ್ತಾಗೋದಿಲ್ಲ. ಕೆಲವರು ನಿಮ್ಮ ಕೈಯ ನೀರು ಕುಡಿಯಲಿಕ್ಕಿಲ್ಲ, ನಿಮ್ಮ ರಕ್ತದಿಂದ ಬದುಕ್ತಾರ. ಅಂಥವರಿಗೂ ಕೊಡ್ರಿ. ಮುಂಜಾನೆ ಹೊಟ್ಟೆ ತುಂಬ ಉಂಡು ಬರ್ರಿ, ನೆರೆಮನೆಯವರನ್ನೂ ಕರಕೊಂಡು ಬರ್ರಿ.

ಜೈ ಭೀಮ್.